ಕಚ್ಚಿದ್ದು ನಿಜ, ಯಾಕೆ ಅಂತ ನಾನು ಕೇಳಲಿಲ್ಲ

ನಾನು ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಮನೆಯಲ್ಲಿ ವರ್ಷಗಟ್ಟಲೆ ಹೊಡೆತ ತಿಂದು, ಒಂದು ದಿನ ತಾವೇ ಹಲ್ಲೆ ಕೇಸಿನಲ್ಲಿ ಆರೋಪಿಗಳಾದವರ ಪರವಾಗಿ ಜಾಸ್ತಿ ವಾದ ಮಾಡಿದ್ದೇನೆ. ಇಂಥ ಮೊದಲ ಕೇಸಿನಲ್ಲೇ ದೊಡ್ಡ ತಪ್ಪು ಮಾಡಿದೆ.

ಆಕೆ ಗಂಡನ ಮುಂಗೈ ಕಚ್ಚಿದ್ದರು. ಪೊಲೀಸರು ಬಂದಾಗ ಅವನ ಕೈಯಲ್ಲಿ ರಕ್ತ ಇತ್ತು, ಆಕೆಯ ಮೈಮೇಲೆ ಒಂದು ಗೆರೆಯೂ ಕಾಣಲಿಲ್ಲ. ಕೇಳಿದ್ದಕ್ಕೆ ಆಕೆ "ಹೌದು, ಕಚ್ಚಿದೆ" ಅಂದರು. ಬಂಧನವಾಯಿತು. ಮಕ್ಕಳ ಹತ್ತಿರ ಬೇಗ ಹೋಗಬೇಕು, ತಪ್ಪು ಒಪ್ಪಿಕೊಂಡುಬಿಡುತ್ತೇನೆ ಎಂದು ನನ್ನ ಮುಂದೆ ಅತ್ತರು. ನಾನೂ ಸರಿ ಅಂದೆ. ದಂಡ ಕಟ್ಟಿ ಹೊರಗೆ ಬಂದರು. ಆಮೇಲೆ ಆ ಶಿಕ್ಷೆಯ ದಾಖಲೆಯಿಂದ ಕೆಲಸ ಹೋಯಿತು. ಮಕ್ಕಳು ಯಾರ ಬಳಿ ಇರಬೇಕು ಎಂಬ ಕೇಸಿನಲ್ಲಿ ಗಂಡನ ಕಡೆಯವರು ಅದೇ ಕಾಗದ ಮುಂದಿಟ್ಟರು. ಅಷ್ಟೆಲ್ಲ ಆದ ಮೇಲೆ ಒಂದು ದಿನ ಆಕೆ ಮಾತಿನ ಮಧ್ಯೆ ಹೇಳಿದರು: "ಹಿಂದಿನಿಂದ ಬಂದು ಕೈಯಲ್ಲಿ ಕತ್ತು ಬಿಗಿಯಾಗಿ ಹಿಡಿದಿದ್ದ, ಉಸಿರು ಸಿಗಲಿಲ್ಲ, ಕಚ್ಚಿದೆ." ಅಷ್ಟು ಸಲ ಭೇಟಿಯಾಗಿದ್ದರೂ ಈ ಒಂದು ಪ್ರಶ್ನೆ ನಾನು ಕೇಳಿಯೇ ಇರಲಿಲ್ಲ.

ಅಂದಿನಿಂದ ಕೆಲಸದ ರೀತಿ ಬದಲಾಯಿಸಿದೆ. ಗಾಯ ಎಲ್ಲಿದೆ ಅನ್ನುವುದಕ್ಕಿಂತ ಆ ಗಾಯ ಹೇಗಾಯಿತು ಅನ್ನುವುದನ್ನು ಮೊದಲು ಕೇಳುತ್ತೇನೆ. ಮುಂಗೈ ಮೇಲಿನ ಕಚ್ಚು, ಮುಖದ ಮೇಲಿನ ಪರಚು ಇವೆಲ್ಲ ಬಿಡಿಸಿಕೊಳ್ಳಲು ಒದ್ದಾಡಿದವರು ಮಾಡಿದ ಗಾಯಗಳೂ ಆಗಿರಬಹುದು. ಕತ್ತು ಹಿಸುಕಿದಾಗ ಹೊರಗೆ ಗುರುತೇ ಇಲ್ಲದಿರುವುದು ಸಾಮಾನ್ಯ. ದನಿ ಒಡೆದಿದೆಯಾ, ನುಂಗಲು ನೋವಾಗುತ್ತಾ, ಕಣ್ಣಲ್ಲಿ ಸಣ್ಣ ಕೆಂಪು ಚುಕ್ಕೆಗಳಿವೆಯಾ, ಆ ಹೊತ್ತಿನಲ್ಲಿ ಪ್ರಜ್ಞೆ ತಪ್ಪಿತ್ತಾ ಎಂದು ಒಂದೊಂದಾಗಿ ಕೇಳಿ ಅವತ್ತೇ ವೈದ್ಯರ ಬಳಿ ಕಳಿಸುತ್ತೇನೆ. ಇದು ಕೇಸಿಗಿಂತ ಮೊದಲು ಜೀವದ ಪ್ರಶ್ನೆ. ಒಳಗಿನ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ದಿನಗಳ ನಂತರವೂ ಅಪಾಯ ಬರಬಹುದು. ಫೋಟೋ ಒಂದೇ ದಿನ ತೆಗೆದರೆ ಸಾಲದು, ಮೂಗೇಟು ಎಷ್ಟೋ ಸಲ ಒಂದೆರಡು ದಿನ ಬಿಟ್ಟು ಬಣ್ಣಕ್ಕೆ ಬರುತ್ತದೆ.

ತುರ್ತು ಕರೆಯ ರೆಕಾರ್ಡಿಂಗ್ ಉಳಿಸಿಡಿ ಎಂದು ಮೊದಲ ದಿನವೇ ಲಿಖಿತವಾಗಿ ಕೇಳುತ್ತೇನೆ. ತಡವಾದರೆ ಅಳಿಸಿಹೋಗುವ ಭಯ ಇದೆ. ಕರೆಯಲ್ಲಿನ ಒಡೆದ ದನಿಯೇ ದೊಡ್ಡ ಸಾಕ್ಷಿ ಆಗಬಹುದು. ಹಳೆಯ ಮೆಸೇಜುಗಳು, ಆಸ್ಪತ್ರೆ ಚೀಟಿಗಳು, ನೆರೆಯವರ ಮಾತು ಎಲ್ಲವನ್ನೂ ಕೂಡಿಸುತ್ತೇನೆ. ಆಕೆ ಹೇಳುವಾಗ ಘಟನೆಗಳು ಹಿಂದುಮುಂದಾಗುತ್ತವೆ. ಅದು ಸುಳ್ಳಲ್ಲ, ಹೆದರಿದ ಮನಸ್ಸಿನ ನೆನಪು ಹಾಗೆಯೇ. ಮಕ್ಕಳ ಹುಟ್ಟು, ಮನೆ ಬದಲಾಯಿಸಿದ್ದು ಇಂಥ ಗುರುತುಗಳನ್ನು ಇಟ್ಟುಕೊಂಡು ನಿಧಾನವಾಗಿ ವರ್ಷಗಳನ್ನು ಜೋಡಿಸುತ್ತೇವೆ. "ಬಿಟ್ಟು ಯಾಕೆ ಹೋಗಲಿಲ್ಲ?" ಎಂದು ಮಾತ್ರ ಕೇಳುವುದಿಲ್ಲ.

ಈ ವರ್ಷಗಳು ಕೋರ್ಟಿಗೆ ಯಾಕೆ ಬೇಕು? ಕೆನಡಾದ ಲವಾಲೀ ಎಂಬ ಹೆಣ್ಣಿನ ಪ್ರಕರಣ ನೋಡಿ. ಸಂಗಾತಿಯಿಂದ ಪದೇಪದೇ ಹೊಡೆತ ತಿಂದಿದ್ದ ಆಕೆ, 1986ರ ಒಂದು ರಾತ್ರಿ ಅವನು ಕೊಲ್ಲುವ ಬೆದರಿಕೆ ಹಾಕಿ ಕೋಣೆಯಿಂದ ಹೊರಡುವಾಗ ಹಿಂದಿನಿಂದ ಗುಂಡು ಹಾರಿಸಿದರು. ಬೆನ್ನು ತಿರುಗಿಸಿದವನಿಂದ ಆ ಕ್ಷಣ ಏನು ಅಪಾಯ, ಅಲ್ವಾ? ಆತ್ಮರಕ್ಷಣೆಯ ವಾದ ಕೇಳಿ ಜ್ಯೂರಿ (ತೀರ್ಪು ಕೊಡಲು ಆರಿಸಿದ ಸಾಮಾನ್ಯ ಜನರ ಗುಂಪು) ಬಿಡುಗಡೆ ಮಾಡಿತು, ಮೇಲ್ಮನವಿ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಿಡುಗಡೆಯನ್ನೇ ಎತ್ತಿಹಿಡಿಯಿತು. ಹೊಡೆತ ತಿಂದ ಹೆಣ್ಣಿಗೆ ಅಪಾಯ ಹೇಗೆ ಕಾಣುತ್ತದೆ ಎಂದು ತಜ್ಞರಿಂದ ಕೇಳಬಹುದು ಎಂದು ನ್ಯಾಯಮೂರ್ತಿ ಬರ್ತಾ ವಿಲ್ಸನ್ ಬರೆದರು. ಎಲ್ಲ ದೇಶದ ಕಾನೂನು ಒಂದೇ ಅಲ್ಲ. ಸುಮ್ನೆ "ಮೊದಲೂ ಹೊಡೆಯುತ್ತಿದ್ದ" ಎಂದರೆ ಸಾಲದು. ಆ ಹಿಂದಿನ ಹೊಡೆತಗಳಿಂದ ಆ ನಿಮಿಷದಲ್ಲಿ ಆಕೆಗೆ ಏನು ಗೊತ್ತಿತ್ತು ಎಂಬುದನ್ನು ತೋರಿಸಬೇಕು.

ಜಾಮೀನಿನ ಷರತ್ತು ಇನ್ನೊಂದು ಬಲೆ. ಅವನನ್ನು ಸಂಪರ್ಕಿಸಬಾರದು ಎಂದು ಆಕೆಗೆ ಆದೇಶ ಇರುತ್ತದೆ. ಅವನೇ ಫೋನ್ ಮಾಡುತ್ತಾನೆ, ಮಕ್ಕಳಿಗೆ ಹುಷಾರಿಲ್ಲ ಎನ್ನುತ್ತಾನೆ. ಆಕೆ ಉತ್ತರಿಸಿದರೆ ಷರತ್ತು ಮುರಿದದ್ದು ಆಕೆ. ಆದ್ದರಿಂದ ಮಕ್ಕಳ ವಿಷಯ ಮೂರನೆಯವರ ಮೂಲಕ ತಿಳಿಯುವಂತೆ ಮೊದಲೇ ಕೋರ್ಟಿನಿಂದ ಅನುಮತಿ ಕೇಳುತ್ತೇನೆ. ಒಳಗಿದ್ದರೆ ಜೈಲಿನ ಫೋನಿನಲ್ಲಿ ಘಟನೆಯ ಬಗ್ಗೆ ಒಂದು ಮಾತೂ ಬೇಡ ಎನ್ನುತ್ತೇನೆ, ಆ ಕರೆಗಳು ರೆಕಾರ್ಡ್ ಆಗುತ್ತವೆ. ನಾನೂ ಮನೆಗೆ ಕಾಗದ ಕಳಿಸುವುದಿಲ್ಲ. ಯಾವ ನಂಬರಿಗೆ, ಯಾವ ಹೊತ್ತಿಗೆ ಫೋನ್ ಮಾಡಿದರೆ ಅಪಾಯ ಇಲ್ಲ ಎಂದು ಕೇಳಿಟ್ಟುಕೊಳ್ಳುತ್ತೇನೆ.

ಇತ್ತೀಚಿನ ಒಂದು ಕೇಸಿನಲ್ಲಿ ವೈದ್ಯರ ವರದಿ, ಕರೆಯ ರೆಕಾರ್ಡಿಂಗ್ ಎರಡನ್ನೂ ಸರ್ಕಾರಿ ವಕೀಲರಿಗೆ ವಿಚಾರಣೆಗೆ ಮೊದಲೇ ತೋರಿಸಿದೆ. ಅವರು ಆರೋಪ ಹಿಂತೆಗೆದುಕೊಂಡರು. ಆ ದಿನ ಗಂಡ ಕೋರ್ಟಿನ ಬಾಗಿಲಲ್ಲೇ ನಿಂತಿದ್ದ. ಸಿಬ್ಬಂದಿಯನ್ನು ಕೇಳಿಕೊಂಡು ಆಕೆಯನ್ನು ಹಿಂಬಾಗಿಲಿನಿಂದ ಕರೆದುಕೊಂಡು ಹೋಗಿ, ಆಶ್ರಯ ಮನೆಯವರ ಗಾಡಿ ಹತ್ತಿಸಿದೆ.