ಕೊಯ್ದ ಲಿವರ್‌ನಲ್ಲಿ ಮತ್ತೆ ಬಂದ ಗಡ್ಡೆ: ಸೂಜಿಯಿಂದಲೇ ಸುಟ್ಟ ಅನುಭವ

‘ಆಪರೇಷನ್ ಆದ ಹೊಟ್ಟೆ, ಕರುಳು ಅಂಟಿರುತ್ತೆ, ಸೂಜಿ ಹಾಕಬೇಡಿ.’ ಸರ್ಜನ್‌ಗಳಿಂದ ಈ ಮಾತು ಬಹಳ ಕೇಳಿದ್ದೇವೆ. ಐದು ವರ್ಷದೊಳಗೆ ನೂರರಲ್ಲಿ ಸುಮಾರು 70 ಮಂದಿಗೆ ಆಪರೇಷನ್ ನಂತರ ಮರಳುವ ಎಚ್‌ಸಿಸಿಯಲ್ಲಿ (ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್) ಹಾಗೆ ಕೈಬಿಡಲಾಗದು. ಮೂರು ಮೀರದ, 3 ಸೆಂ.ಮೀ. ಒಳಗಿನ ಗಡ್ಡೆಗಳಿಗೆ ಈಗ ನಾವು ಮೊದಲು ನೋಡುವುದು ಮೈಕ್ರೋವೇವ್, ಅಂದರೆ ಚರ್ಮದ ಮೂಲಕ ಸೂಜಿಯಂಥ ಆಂಟೆನಾ ಹಾಕಿ ಗಡ್ಡೆಯನ್ನು ಒಳಗೇ ಸುಡುವುದು.

ಅಂಟು ಸುಳ್ಳಲ್ಲ. ಬಲಭಾಗ ತೆಗೆದ ಜಾಗಕ್ಕೆ ದೊಡ್ಡ ಕರುಳು ಸರಿದು ಕೊಯ್ದ ಅಂಚಿಗೇ ಕೂರುತ್ತದೆ. ಸುಡುವಾಗ ಕರುಳಿಗೆ ಶಾಖ ತಾಗದಂತೆ ನಡುವೆ ದ್ರವ ತುಂಬಿ ಅದನ್ನು ದೂರ ಸರಿಸಬೇಕು. ಎಲ್ಲೋ ಒಂದು ಕಡೆ ದ್ರವ ಹಾಕಿದರೆ ಅದು ಕಿಬ್ಬೊಟ್ಟೆಗೆ ಇಳಿಯುತ್ತದೆಯೇ ಹೊರತು ಅಂಟು ಬಿಡುವುದಿಲ್ಲ. ಒಂದೂವರೆ ಲೀಟರ್ ಹೀಗೆ ವ್ಯರ್ಥವಾದದ್ದಿದೆ. ದ್ರವ ಹಾಕುವ 21 ಗೇಜ್‌ನ ಸಣ್ಣ ಸೂಜಿಯ ತುದಿ ಲಿವರ್‌ಗೂ ಕರುಳಿಗೂ ನಡುವೆಯೇ ಇರಬೇಕು, 10 ಎಂ.ಎಲ್. ಸಿರಿಂಜಿನಿಂದ ಸ್ವಲ್ಪಸ್ವಲ್ಪವೇ ಒತ್ತಬೇಕು. ಸಿ.ಟಿ.ಯಲ್ಲಿ ಕಾಣಲು 500 ಎಂ.ಎಲ್.ಗೆ 10 ಎಂ.ಎಲ್. ಕಾಂಟ್ರಾಸ್ಟ್ ಬೆರೆಸುತ್ತೇವೆ. ಸೆಂಟಿಮೀಟರ್ ಅಂತರ ಸಿಕ್ಕ ಮೇಲೂ, ಸುಡುವಾಗಲೂ, ಹನಿ ನಿಲ್ಲಿಸುವುದಿಲ್ಲ. ಬಳಸುವುದು 5% ಡೆಕ್ಸ್‌ಟ್ರೋಸ್. ಆರ್‌ಎಫ್‌ಎ (ಕರೆಂಟ್ ಹರಿಸಿ ಸುಡುವ ವಿಧಾನ) ಮಾಡುವಾಗ ಸಲೈನ್ (ಉಪ್ಪುನೀರು) ಹಾಕಿದರೆ ಅದೇ ಕರೆಂಟನ್ನು ಕರುಳಿಗೆ ಮುಟ್ಟಿಸುತ್ತದೆ. ಅಂತರ ತೆರೆಯದಿದ್ದಾಗ ಸೂಜಿ ತಿರುಗಿಸುವ ಕೈಚಳಕವೊಂದಿದೆ, ಅದು ಬರೆದು ಹೇಳುವಂಥದ್ದಲ್ಲ.

ನಮ್ಮ ಆರಂಭದ ಸೋಲುಗಳೆಲ್ಲ ರಕ್ತನಾಳದ ಪಕ್ಕದಲ್ಲಿ. 3 ಮಿ.ಮೀ.ಗಿಂತ ದಪ್ಪ ನಾಳ ಹತ್ತಿರವಿದ್ದರೆ ಹರಿಯುವ ರಕ್ತವೇ ಶಾಖ ಒಯ್ಯುತ್ತದೆ, ತಿಂಗಳ ನಂತರದ ಸಿ.ಟಿ.ಯಲ್ಲಿ ಆ ಬದಿಗೆ ಅರ್ಧಚಂದ್ರದಂತೆ ಜೀವಂತ ಗಡ್ಡೆ ಹೊಳೆಯುತ್ತದೆ. ಮೈಕ್ರೋವೇವ್‌ನಲ್ಲಿ ಇದು ಕಡಿಮೆ, ಇಲ್ಲವೆಂದಲ್ಲ. ಎಷ್ಟು ವ್ಯಾಟ್, ಎಷ್ಟು ನಿಮಿಷಕ್ಕೆ ಎಷ್ಟು ಅಗಲ ಸುಡುತ್ತದೆ ಎಂಬ ಕಂಪನಿಯ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ, ಬಹುಪಾಲು ಅಳತೆಗಳು ಪ್ರಾಣಿಯ ಸತ್ತ ಲಿವರ್‌ನಲ್ಲಿ ತೆಗೆದವು. ಸುತ್ತಲೂ ಕನಿಷ್ಠ 5 ಮಿ.ಮೀ. ಅಂಚು ಸುಟ್ಟಿತೇ ಎಂದು ಮೇಜಿನ ಮೇಲೇ ಕಾಂಟ್ರಾಸ್ಟ್ ಕೊಟ್ಟು ನೋಡಿ, ಸಾಲದಿದ್ದರೆ ಅಲ್ಲೇ ಇನ್ನೊಮ್ಮೆ ಸುಡಿ. ಸೂಜಿ ಹೊರಬರುವಾಗ ದಾರಿಯನ್ನೂ ಸುಡಬೇಕು.

ಬಿಲ್ಲಿನ ದೊಡ್ಡ ಪಾಲು ಆಂಟೆನಾದ್ದು. ಅದರ ಪ್ಯಾಕಿನ ಸೀಲ್ ಒಡೆದ ಮೇಲೆ ಗಡ್ಡೆಯೇ ಕಾಣದೆ ರೋಗಿಯ ದುಡ್ಡು ಹೋದದ್ದು ಇಂದಿಗೂ ನೋಯುತ್ತದೆ. ಆಮೇಲೆ ಹಿಂದಿನ ದಿನವೇ ಅಲ್ಟ್ರಾಸೌಂಡ್ ಕಡ್ಡಾಯ ಮಾಡಿದೆವು. ಕಾಣದಿದ್ದರೆ ಮೊದಲು ಟೇಸ್ (ಗಡ್ಡೆಯ ರಕ್ತನಾಳಕ್ಕೇ ಔಷಧಿ ಬಿಟ್ಟು ಮುಚ್ಚುವುದು) ಮಾಡಿ, ಗಡ್ಡೆಯಲ್ಲಿ ಕೂತ, ಸಿ.ಟಿ.ಯಲ್ಲಿ ಹೊಳೆಯುವ ಲಿಪಿಯೋಡಾಲ್ ಎಣ್ಣೆಯನ್ನೇ ಗುರಿ ಮಾಡಿಕೊಳ್ಳುತ್ತೇವೆ. ಅಗ್ಗವೆಂದು ಶುದ್ಧ ಆಲ್ಕೋಹಾಲ್ ಚುಚ್ಚಿಯೂ ನೋಡಿದೆವು. ಕವಚವಿಲ್ಲದ ಗಡ್ಡೆಯಲ್ಲಿ ಅದು ನಿಲ್ಲದೆ ಪಕ್ಕಕ್ಕೆ ಸೋರಿತು.

ಪಿತ್ತನಾಳವನ್ನು ಕರುಳಿಗೆ ಜೋಡಿಸಿರುವವರಲ್ಲಿ ಮಾತ್ರ ನಾವೂ ಹಿಂಜರಿಯುತ್ತೇವೆ. ಸುಟ್ಟ ಜಾಗಕ್ಕೆ ಕರುಳಿನ ಬ್ಯಾಕ್ಟೀರಿಯಾ ಏರಿ ಕೀವುಗಟ್ಟುತ್ತದೆ.