ಕ್ರಾನ್‌ಬೆರಿಯ ಹುಳಿಯನ್ನು ಉಳಿಸಿಕೊಂಡು ಮಾಡುವ ಹಬ್ಬದಡುಗೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್‌ನ ದಕ್ಷಿಣಕ್ಕೆ ನಾವು ವಾಸವಾಗಿದ್ದೇವೆ. ಇಲ್ಲಿಂದ ಕಾರ್ವರ್, ವೇರ್‌ಹ್ಯಾಮ್ ಕಡೆಗೆ ಹೋದರೆ ಅಕ್ಟೋಬರ್ ತಿಂಗಳಲ್ಲಿ ಕ್ರಾನ್‌ಬೆರಿ ಎಂಬ ಪುಟ್ಟ ಕೆಂಪು ಹುಳಿಹಣ್ಣಿನ, ನೀರು ತುಂಬಿಸಿದ ಗದ್ದೆಗಳು ಕಾಣಸಿಗುತ್ತವೆ. ಹಣ್ಣಿನೊಳಗೆ ನಾಲ್ಕು ಗಾಳಿಗೂಡುಗಳಿರುವುದರಿಂದ, ಬಳ್ಳಿಯಿಂದ ಬಿಡಿಸಿದೊಡನೆ ಅದು ನೀರಿನ ಮೇಲೆ ತೇಲಿ ಇಡೀ ಗದ್ದೆಯೇ ಕೆಂಪಾಗುತ್ತದೆ. ಆದರೆ ಹೀಗೆ ಕೊಯ್ದ ಹಣ್ಣು ಹೆಚ್ಚಾಗಿ ಜ್ಯೂಸಿಗೂ ಡಬ್ಬಿಯ ಸಾಸಿಗೂ ಹೋಗುತ್ತದೆ. ಅಂಗಡಿಯಲ್ಲಿ ಹಸಿಯಾಗಿ ಸಿಗುವ ಹಣ್ಣನ್ನು ಸಾಮಾನ್ಯವಾಗಿ ಒಣಗಿದ ಗದ್ದೆಯಲ್ಲಿಯೇ ಯಂತ್ರದಿಂದ ಬಾಚಿ ತೆಗೆದಿರುತ್ತಾರೆ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಾನು ತರುವುದು ಈ ಹಸಿ ಹಣ್ಣನ್ನೇ.

ಕ್ರಾನ್‌ಬೆರಿಯಲ್ಲಿ ಹುಳಿಯ ಜೊತೆಗೆ ಕಹಿಯೂ ಒಗರೂ ಇವೆ, ಸಿಹಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇವೆಲ್ಲವನ್ನೂ ಒಟ್ಟಿಗೆ ಸಕ್ಕರೆಯಲ್ಲಿ ಮುಳುಗಿಸಿಬಿಡುವುದು ಇಲ್ಲಿನ ರೂಢಿ. ಹುಳಿಯನ್ನು ಹಾಗೆಯೇ ಉಳಿಸಿಕೊಂಡು ಕಹಿಯನ್ನೂ ಒಗರನ್ನೂ ಮಾತ್ರ ತಗ್ಗಿಸಬೇಕೆಂಬುದು ನನ್ನ ಪಕ್ಷ. ಅದಕ್ಕೆ ಒಂದು ಚಿಟಿಕೆ ಉಪ್ಪು, ಸ್ವಲ್ಪ ಬೆಣ್ಣೆ ಮತ್ತು ಹಸಿರು ಸೊಪ್ಪುಗಳು ಸಕ್ಕರೆಗಿಂತ ಹೆಚ್ಚು ನೆರವಾಗುತ್ತವೆ.

ಸಾಸಿಗೆ 12 ಔನ್ಸಿನ, ಅಂದರೆ 340 ಗ್ರಾಮಿನ ಒಂದು ಚೀಲ ಸಾಕು. ಹಣ್ಣನ್ನು ತಟ್ಟೆಗೆ ಸುರಿದು, ಮೆತ್ತಗಾದವನ್ನೂ ಸುಕ್ಕುಗಟ್ಟಿದವನ್ನೂ ಆರಿಸಿ ತೆಗೆಯುತ್ತೇನೆ. ಒಳ್ಳೆಯ ಹಣ್ಣು ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ, ಮೇಜಿನ ಮೇಲೆ ಬಿದ್ದರೆ ಪುಟಿಯುತ್ತದೆ. ಚೀಲದ ಮೇಲೆ ಒಂದು ಕಪ್ ನೀರಿಗೆ ಒಂದು ಕಪ್ ಸಕ್ಕರೆ ಎಂದು ಬರೆದಿರುತ್ತದೆ. ನಾನು ನೀರನ್ನು ಅಷ್ಟೇ ಇಟ್ಟು ಸಕ್ಕರೆಯನ್ನು ಮುಕ್ಕಾಲು ಕಪ್ಪಿಗೆ ಇಳಿಸಿದ್ದೇನೆ, ಅದನ್ನೂ ಮೊದಲೇ ಹಾಕುವುದಿಲ್ಲ. ನೀರು ಕುದಿಯುವಾಗ ಹಣ್ಣು, ಉಪ್ಪು ಮತ್ತು ಥೈಮ್ ಎಂಬ ಪರಿಮಳದ ಸೊಪ್ಪಿನ ಎರಡು ಮೂರು ಕಡ್ಡಿಗಳನ್ನು ಹಾಕಿದರೆ, ಸ್ವಲ್ಪ ಹೊತ್ತಿನಲ್ಲಿ ಹಣ್ಣುಗಳು ಪಟಪಟನೆ ಸಿಡಿಯತೊಡಗುತ್ತವೆ. ಮುಕ್ಕಾಲು ಪಾಲು ಸಿಡಿದ ಮೇಲೆ ಸಕ್ಕರೆ ಬೆರೆಸುತ್ತೇನೆ. ಮೊದಲೇ ಬೆರೆಸಿದಾಗ ಸಿಪ್ಪೆ ಬಿರುಸಾಗಿಯೇ ಉಳಿಯುವುದನ್ನು ಕಂಡಿದ್ದೇನೆ. ಹಣ್ಣಿನಲ್ಲಿ ಪೆಕ್ಟಿನ್ ಹೇರಳವಾಗಿರುವುದರಿಂದ ಗಟ್ಟಿಯಾಗಲು ಬೇರೇನೂ ಬೇಡ. ಒಂದು ಹನಿಯನ್ನು ತಣ್ಣನೆಯ ತಟ್ಟೆಯ ಮೇಲೆ ಬಿಟ್ಟು ಬೆರಳಿನಿಂದ ಗೆರೆ ಎಳೆದಾಗ, ಆ ಗೆರೆ ಕೂಡಿಕೊಳ್ಳದೆ ನಿಂತರೆ ಒಲೆ ಆರಿಸಬಹುದು. ಪಾತ್ರೆಯಲ್ಲಿ ಆಗ ತೆಳ್ಳಗೆ ಕಂಡರೂ ಆರುತ್ತ ಆರುತ್ತ ಗಟ್ಟಿಯಾಗುತ್ತದೆ. ಥೈಮಿನ ಕಡ್ಡಿ ತೆಗೆದು, ಕಿತ್ತಳೆಯ ಸಿಪ್ಪೆಯನ್ನು ಬಿಳಿಯ ಭಾಗ ಸೇರದಂತೆ ತುರಿದು ಹಾಕುತ್ತೇನೆ. (ಡಬ್ಬಿಯಿಂದ ಜಾರಿ ಬಿದ್ದು, ಡಬ್ಬಿಯ ಬಳೆಯಂಥ ಗೆರೆಗಳ ಅಚ್ಚನ್ನೂ ಮೈಮೇಲೆ ಹೊತ್ತು ನಿಲ್ಲುವ ಸಾಸೇ ಬೇಕೆನ್ನುವವರು ನಮ್ಮ ಅತಿಥಿಗಳಲ್ಲಿಯೂ ಇದ್ದಾರೆ, ಅವರಿಗಾಗಿ ಅದನ್ನೂ ಒಂದು ತಟ್ಟೆಯಲ್ಲಿ ಇಡುತ್ತೇನೆ.)

ಸೊಪ್ಪುಗಳಲ್ಲಿ ಒಂದೊಂದರ ಗುಣವೂ ಬೇರೆ. ಥೈಮ್ ನೀರಿನಲ್ಲಿ ಕುದಿದರೂ ಹದವಾಗಿ ಪರಿಮಳ ಬಿಡುತ್ತದೆ. ರೋಸ್‌ಮರಿಯನ್ನು ಸಾಸಿನಲ್ಲಿ ಬಹಳ ಹೊತ್ತು ಬಿಟ್ಟರೆ ಔಷಧಿಯ ವಾಸನೆ ಬರುತ್ತದೆ. ಅದಕ್ಕೆ ಎಣ್ಣೆಯೂ ಒಲೆಯ ಬಿಸಿಯೂ ಒಗ್ಗುತ್ತವೆ. ಸೇಜ್ ಎಲೆಯನ್ನಂತೂ ಒಗ್ಗರಣೆಯ ಕರಿಬೇವಿನಂತೆಯೇ ಕಾಣಬೇಕು. ಬೆಣ್ಣೆ ಕಾದು ನೊರೆ ಇಳಿದು, ತಳದಲ್ಲಿ ಕಂದು ಚೂರುಗಳು ಕಾಣಿಸಿಕೊಂಡಾಗ ಎಲೆ ಹಾಕಿದರೆ ಚುಂಯ್ ಎಂದು ಸದ್ದಾಗಿ ಅರ್ಧ ನಿಮಿಷದಲ್ಲಿ ಗರಿಗರಿಯಾಗುತ್ತದೆ, ಹಸಿ ಎಲೆಯ ಘಾಟೂ ಹೋಗುತ್ತದೆ.

ನಮ್ಮದು ಸಸ್ಯಾಹಾರದ ಮನೆಯಾದ್ದರಿಂದ ಈ ಹಬ್ಬದೂಟದ ಟರ್ಕಿ ಕೋಳಿಯ ಜಾಗದಲ್ಲಿ ಬಟರ್‌ನಟ್ ಕುಂಬಳವಿರುತ್ತದೆ. ಅದನ್ನು ಹೋಳು ಮಾಡಿ, ಎಣ್ಣೆ, ಉಪ್ಪು, ಹೆಚ್ಚಿದ ರೋಸ್‌ಮರಿ ಸವರಿ, 400 ಡಿಗ್ರಿ ಫ್ಯಾರನ್‌ಹೀಟ್ ಶಾಖದ ಓವನ್ನಿನಲ್ಲಿ ಇಡುತ್ತೇನೆ. ಅಂಚುಗಳು ಕೆಂಪಗಾದ ಮೇಲೆಯೇ ಒಂದು ಹಿಡಿ ಹಸಿ ಕ್ರಾನ್‌ಬೆರಿ ಎರಚಿ ಇನ್ನೊಂದು ಹತ್ತು ನಿಮಿಷ ಬಿಡಬೇಕು. ಹಣ್ಣುಗಳು ಬಿರಿದು ನಿಂತರೆ ಸಾಕು. ರಸ ಹರಿದರೆ ಹೋಳುಗಳು ಮೆತ್ತಗಾಗುತ್ತವೆ. ಬಡಿಸುವ ಮೊದಲು ಸೇಜ್ ಬೆಣ್ಣೆಯನ್ನು ಮೇಲೆ ಸುರಿದಾಗ ಕುಂಬಳದ ಸಿಹಿಗೆ ಆ ಹುಳಿ ಸರಿಯಾದ ಜೊತೆಯಾಗುತ್ತದೆ, ಸಕ್ಕರೆಯ ನೆನಪೇ ಬರುವುದಿಲ್ಲ.

ಇಲ್ಲಿನ ಕನ್ನಡದ ಮನೆಗಳಲ್ಲಿ ಕ್ರಾನ್‌ಬೆರಿಯ ಗೊಜ್ಜು, ಉಪ್ಪಿನಕಾಯಿ, ಚಿತ್ರಾನ್ನಗಳೂ ಆಗುತ್ತವೆ. ಗೊಜ್ಜಿಗೆ ಹುಣಸೆಹಣ್ಣು ಬೇಕಾಗುವುದೇ ಇಲ್ಲ. ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆಯಲ್ಲಿ ಹಣ್ಣನ್ನು ಬಾಡಿಸಿ, ಸ್ವಲ್ಪ ನೀರಿನಲ್ಲಿ ಬೇಯಿಸಿ, ಬೆಲ್ಲ ಮತ್ತು ಹುರಿದು ಪುಡಿ ಮಾಡಿದ ಎಳ್ಳು ಸೇರಿಸುತ್ತೇನೆ. ಮೆಂತ್ಯವನ್ನು ಮಾತ್ರ ನಾಲ್ಕೈದು ಕಾಳಿಗೆ ಇಳಿಸಬೇಕು, ಏಕೆಂದರೆ ಹಣ್ಣಿನಲ್ಲಿಯೇ ಕಹಿಯಿದೆ. ಸಾಸನ್ನೂ ಗೊಜ್ಜನ್ನೂ ಹಿಂದಿನ ದಿನವೇ ಮಾಡಿಟ್ಟರೆ ರುಚಿ ಕೂಡಿಕೊಳ್ಳುತ್ತದೆ, ಹಬ್ಬದ ಬೆಳಿಗ್ಗೆ ಒಲೆಯೂ ಬಿಡುವಾಗಿರುತ್ತದೆ. ಹಬ್ಬ ಕಳೆದ ಮೇಲೆ ಚೀಲಗಳು ಅಗ್ಗಕ್ಕೆ ಸಿಗುವುದರಿಂದ ಕೆಲವನ್ನು ತಂದು ತೊಳೆಯದೆ ಫ್ರೀಜರಿಗೆ ಹಾಕುತ್ತೇನೆ. ಬೇಕಾದಾಗ ಕರಗಿಸಲು ಕಾಯದೆ, ನೀರಿನಲ್ಲೊಮ್ಮೆ ಜಾಲಾಡಿ ನೇರವಾಗಿ ಬಾಣಲೆಗೆ ಹಾಕಬಹುದು.