ಹಳೆಯ ಕಾರಿಗೆ ಕೂಲೆಂಟ್ ಎಚ್ಚರಿಕೆ ಸೆನ್ಸರ್: ಅಳವಡಿಸುವುದು ಹೇಗೆ?

ಚಾರ್ಮಾಡಿ ಘಾಟಿ ಹತ್ತುವಾಗ ರೇಡಿಯೇಟರ್ ಹೋಸ್ ಪೈಪಿನ ಕ್ಲಿಪ್ ಸಡಿಲವಾಗಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸೋರತೊಡಗಿದರೆ, ಉಷ್ಣತೆಯ ಮುಳ್ಳು ಮೇಲೇರಿ ನಮ್ಮನ್ನು ಎಚ್ಚರಿಸುತ್ತದೆ ಎಂದು ಹಳೆಯ ಕಾರು ಓಡಿಸುವ ಬಹುತೇಕರು ನಂಬಿದ್ದಾರೆ. ನಾನೂ ಹಾಗೆಯೇ ನಂಬಿದ್ದೆ. ಒಂದು ಮಳೆಗಾಲದ ಸಂಜೆ ಕೊಟ್ಟಿಗೆಹಾರ ಇನ್ನೂ ದೂರವಿರುವಾಗ ನನ್ನ ಕಾರಿನ ಮುಳ್ಳು ಏರುವ ಬದಲು ಅರ್ಧದಿಂದ ಕೆಳಗಿಳಿಯಿತು. ಮಳೆಗಾಳಿಗೆ ಎಂಜಿನ್ ತಣಿಯುತ್ತಿದೆ ಎಂದುಕೊಂಡು ಮುಂದೆ ಸಾಗಿದೆ. ಬಾನೆಟ್ ಎತ್ತಿ ನೋಡುವ ಹೊತ್ತಿಗೆ ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗಿತ್ತು.

ಉಷ್ಣತೆಯ ಸೆನ್ಸರ್ ಸರಿಯಾದ ಲೆಕ್ಕ ಕೊಡಬೇಕಾದರೆ ಅದು ಕೂಲೆಂಟಿನಲ್ಲಿ ಮುಳುಗಿರಬೇಕು. ಕೂಲೆಂಟ್ ಬತ್ತಿ ಅದರ ಸುತ್ತ ಗಾಳಿಯೋ ಆವಿಯೋ ತುಂಬಿಕೊಂಡರೆ, ಲೋಹವು ಕೆಂಡದಂತೆ ಕಾಯುತ್ತಿದ್ದರೂ ಸೆನ್ಸರ್‌ಗೆ ಆ ಶಾಖ ಸರಿಯಾಗಿ ತಲುಪುವುದಿಲ್ಲ. ಇದಕ್ಕೆ ನಮ್ಮ ಮಲೆನಾಡಿನ ಎತ್ತರವೂ ಸೇರಿಕೊಳ್ಳುತ್ತದೆ. ಸಮುದ್ರ ಮಟ್ಟದಿಂದ 1,000 ಮೀಟರ್ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ; 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಸುಮಾರು 94 ಡಿಗ್ರಿ ಸಾಕು. ರೇಡಿಯೇಟರ್ ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಟ್ಟು ಕುದಿಬಿಂದುವನ್ನು ಏರಿಸುತ್ತದೆ, ಆದರೆ ಹೋಸ್ ಬಿಟ್ಟುಕೊಂಡ ಕ್ಷಣ ಆ ಒತ್ತಡವೂ ಹೋಗುತ್ತದೆ. ಆದ್ದರಿಂದ ಎಷ್ಟು ಕಾದಿದೆ ಎಂಬುದರ ಜೊತೆಗೆ ಎಷ್ಟು ಉಳಿದಿದೆ ಎಂಬುದನ್ನೂ ತಿಳಿಸುವ ಸೆನ್ಸರ್ ಬೇಕಾಗುತ್ತದೆ.

ಅದನ್ನು ಎಲ್ಲಿ ಕೂರಿಸಬೇಕು ಎಂಬುದೇ ಇಡೀ ಕೆಲಸದ ಮುಖ್ಯ ನಿರ್ಧಾರ. ಹಲವರು ಪ್ಲಾಸ್ಟಿಕ್ ಬಾಟಲಿಗೆ ತೂತು ಕೊರೆದು ಫ್ಲೋಟ್ ಸ್ವಿಚ್ (ದ್ರವದ ಮಟ್ಟದೊಂದಿಗೆ ಏರಿಳಿಯುವ ತೇಲುಬಿಲ್ಲೆಯ ಸ್ವಿಚ್) ಹಾಕುತ್ತಾರೆ. ಮಾರುತಿ 800 ಅಥವಾ ಹಳೆಯ ಜೀಪಿನಂತೆ ಮುಚ್ಚಳ ರೇಡಿಯೇಟರಿನ ಮೇಲೆಯೇ ಇರುವ ಗಾಡಿಗಳಲ್ಲಿ ಆ ಬಾಟಲಿ ಹೆಚ್ಚಾದ ಕೂಲೆಂಟನ್ನು ಹಿಡಿದಿಡುವ ಪಾತ್ರೆ ಮಾತ್ರ. ದಿನಕ್ಕಿಷ್ಟು ಸೋರುವ ಸಣ್ಣ ಸೋರಿಕೆಯನ್ನು ಅದು ತೋರಿಸಬಲ್ಲದು. ಹೋಸ್ ಒಡೆದು ರೇಡಿಯೇಟರ್ ಬರಿದಾದಾಗ ಮಾತ್ರ ಬಾಟಲಿ ತುಂಬಿಯೇ ಇರುತ್ತದೆ, ದೀಪ ಹತ್ತುವುದಿಲ್ಲ. ಇಂಥ ಗಾಡಿಗಳಿಗೆ ರೇಡಿಯೇಟರಿನ ಮೇಲಿನ ಹೋಸ್ ಸರಿಯಾದ ಜಾಗ, ಏಕೆಂದರೆ ಕೂಲೆಂಟ್ ಇಳಿದಾಗ ಮೊದಲು ಬರಿದಾಗುವ ಜಾಗಗಳಲ್ಲಿ ಅದೂ ಒಂದು. ಬಾಟಲಿಗೇ ಒತ್ತಡದ ಮುಚ್ಚಳವಿರುವ ಕಾರುಗಳಲ್ಲಿ ಬಾಟಲಿಯನ್ನು ಕೊರೆಯಲೇಬಾರದು. ಬಿಸಿ ಮತ್ತು ಒತ್ತಡಕ್ಕೆ ಆ ತೂತು ಬಿರುಕು ಬಿಡಬಹುದು. ಅಲ್ಲಿಯೂ ಹೋಸೇ ಕ್ಷೇಮ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಲೋಹದ ಹೋಸ್ ಅಡಾಪ್ಟರ್, ಅದರಲ್ಲಿ ತಿರುಗಿಸಿ ಕೂರಿಸುವ ಪ್ರೋಬ್, ಬಜರ್ ಮತ್ತು ದೀಪವಿರುವ ಸಣ್ಣ ನಿಯಂತ್ರಣ ಪೆಟ್ಟಿಗೆ, ಎರಡು ಹೊಸ ಕ್ಲಿಪ್, 2 ಆಂಪಿಯರ್ ಫ್ಯೂಸ್, ಒಂದಿಷ್ಟು ವೈರ್. ಪ್ರೋಬ್ ಕೂಲೆಂಟಿನ ಮೂಲಕ ಅತ್ಯಲ್ಪ ವಿದ್ಯುತ್ ಹರಿಯುವುದನ್ನು ಗಮನಿಸುತ್ತದೆ. ಹರಿವು ನಿಂತರೆ ಬಜರ್ ಕೂಗುತ್ತದೆ. ವೈರ್ ತುಂಡಾದರೂ ಹರಿವು ನಿಲ್ಲುವುದರಿಂದ ಕೆಟ್ಟುಹೋದ ಸೆನ್ಸರ್ ಸುಮ್ಮನೆ ಕೂರುವುದಿಲ್ಲ, ಇದು ನನಗೆ ಬಹಳ ಮೆಚ್ಚುಗೆಯಾದ ಗುಣ. ಕೆಲವು ಸೆಕೆಂಡು ತಡೆದು ಕೂಗುವ ಪೆಟ್ಟಿಗೆಯನ್ನೇ ಆರಿಸಿಕೊಂಡರೆ ಘಾಟಿಯ ತಿರುವುಗಳಲ್ಲಿ ಸುಳ್ಳು ಎಚ್ಚರಿಕೆಯ ಕಾಟವಿರುವುದಿಲ್ಲ. ಅಡಾಪ್ಟರಿನ ಹೊರವ್ಯಾಸ ಹೋಸಿನ ಒಳವ್ಯಾಸಕ್ಕೆ ಹೊಂದಲೇಬೇಕಾದ್ದರಿಂದ ಅಂದಾಜಿಗೆ ಕೊಳ್ಳದೆ ಅಳೆದು ಕೊಳ್ಳಬೇಕು.

ಕೆಲಸವನ್ನು ಎಂಜಿನ್ ಪೂರ್ತಿ ತಣಿದ ಮೇಲೆ, ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಆರಂಭಿಸಬೇಕು. ಮೇಲಿನ ಹೋಸಿನ ಮಟ್ಟಕ್ಕಿಂತ ಕೆಳಗಿಳಿಯುವಷ್ಟು ಕೂಲೆಂಟನ್ನು ರೇಡಿಯೇಟರಿನ ಕೆಳಗಿನ ಬಿರಡೆಯಿಂದ ಅಗಲವಾದ ಪಾತ್ರೆಗೆ ಬಿಡಬೇಕು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ತೋಟದ ಮನೆಯ ಅಂಗಳದಲ್ಲಿ ಚೆಲ್ಲಿದರೆ ನಾಯಿಯೋ ಕರುವೋ ನೆಕ್ಕಿ ಪ್ರಾಣ ಕಳೆದುಕೊಳ್ಳಬಹುದು, ಹಾಗಾಗಿ ಒಂದು ಹನಿಯನ್ನೂ ನೆಲದಲ್ಲಿ ಉಳಿಸಬಾರದು.

ಬಳಿಕ ಹೋಸಿನ ನೇರವಾದ ಭಾಗವನ್ನು ಹರಿತವಾದ ಚಾಕುವಿನಿಂದ ಅಡ್ಡಲಾಗಿ ಕತ್ತರಿಸಿ, ಎರಡೂ ತುದಿಗಳನ್ನು ಅಡಾಪ್ಟರಿಗೆ ತೊಡಿಸಿ ಕ್ಲಿಪ್ ಬಿಗಿಯಬೇಕು. ರಬ್ಬರ್ ಗಟ್ಟಿಯಾಗಿ ಬಿರುಕು ಕಂಡಿದ್ದರೆ ಹೊಸ ಹೋಸನ್ನೇ ತರುವುದು ಒಳ್ಳೆಯದು. ಪ್ರೋಬ್ ಪಕ್ಕಕ್ಕೆ ಮುಖ ಮಾಡಿರಲಿ: ಮೇಲ್ಮುಖವಾದರೆ ಸಣ್ಣ ಗಾಳಿಗುಳ್ಳೆಗೂ ಬಜರ್ ಕೂಗುತ್ತದೆ, ಕೆಳಮುಖವಾದರೆ ಪೈಪು ಬಹುಪಾಲು ಬರಿದಾದ ಮೇಲಷ್ಟೇ ತಿಳಿಯುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಅರ್ತ್ ವಿಷಯದಲ್ಲಿ. ಅಡಾಪ್ಟರಿನ ಎರಡೂ ಕಡೆ ರಬ್ಬರ್ ಇರುವುದರಿಂದ ಅದು ಗಾಡಿಯ ಬಾಡಿಗೆ ವಿದ್ಯುತ್ ಸಂಪರ್ಕವಿಲ್ಲದ ಒಂಟಿ ತುಂಡಾಗಿರುತ್ತದೆ. ಅಡಾಪ್ಟರಿನಿಂದ ಪ್ರತ್ಯೇಕ ವೈರ್ ಎಳೆದು, ಬಣ್ಣ ಉಜ್ಜಿ ತೆಗೆದ ಚಾಸಿಯ ಬೋಲ್ಟಿಗೆ ಬಿಗಿಯಬೇಕು. ಪ್ರೋಬಿನ ವೈರನ್ನು ಸೈಲೆನ್ಸರ್ ಕಡೆಯ ಬಿಸಿ ಭಾಗಕ್ಕೂ ಫ್ಯಾನಿಗೂ ತಾಗದಂತೆ ಕಟ್ಟಿ, ಮೂಲ ವೈರಿಂಗ್ ಹಾದುಹೋಗುವ ರಬ್ಬರ್ ಬುಷ್ ಮೂಲಕವೇ ಡ್ಯಾಷ್‌ಬೋರ್ಡ್ ಒಳಗೆ ತರಬೇಕು. ಪೆಟ್ಟಿಗೆಗೆ ಇಗ್ನಿಷನ್ ಹಾಕಿದಾಗ ಮಾತ್ರ ಬರುವ 12 ವೋಲ್ಟ್ ಸಂಪರ್ಕ ಕೊಟ್ಟು, ಫ್ಯೂಸನ್ನು ಆ ವೈರ್ ಹೊರಡುವ ಜಾಗದಲ್ಲೇ ಹಾಕಬೇಕು.

ಕೂಲೆಂಟನ್ನು ಮತ್ತೆ ತುಂಬಿಸಿದ ಮೇಲೆ ಗಾಳಿ ತೆಗೆಯಬೇಕು. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿ, ಗುಳ್ಳೆಗಳು ಎದ್ದು ಮಟ್ಟ ಇಳಿದಂತೆಲ್ಲ ತುಂಬಿಸುತ್ತ, ಗುಳ್ಳೆ ನಿಂತಾಗ ಮುಚ್ಚಬೇಕು. ಬರೀ ಡಿಸ್ಟಿಲ್ಡ್ ವಾಟರ್ ತುಂಬಬಾರದು. ಅದರಲ್ಲಿ ವಿದ್ಯುತ್ ಸರಿಯಾಗಿ ಹರಿಯದೆ ರೇಡಿಯೇಟರ್ ತುಂಬಿದ್ದರೂ ಬಜರ್ ಕೂಗಬಹುದು. ಪರೀಕ್ಷೆ ಸುಲಭ: ಪ್ರೋಬಿನ ವೈರ್ ಕಳಚಿದರೆ ಕೂಗಬೇಕು, ಸಿಕ್ಕಿಸಿದರೆ ನಿಲ್ಲಬೇಕು.

ದಾರಿಯಲ್ಲಿ ಬಜರ್ ಕೂಗಿದರೆ ಮುಳ್ಳು ಎಲ್ಲೇ ಇರಲಿ, ಸುರಕ್ಷಿತ ಜಾಗ ಕಂಡೊಡನೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಮುಚ್ಚಳಕ್ಕೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕೈ ಹಾಕಬಾರದು, ಆಮೇಲೂ ಹೋಸ್ ಮುಟ್ಟಿ ತಣಿದಿದೆಯೆಂದು ಖಚಿತವಾದರಷ್ಟೇ ತೆರೆಯಬೇಕು. ಕಾದ ಎಂಜಿನ್‌ಗೆ ಹಳ್ಳದ ತಣ್ಣೀರನ್ನು ಒಮ್ಮೆಲೇ ಸುರಿದರೆ ಸಿಲಿಂಡರ್ ಹೆಡ್ ಸೀಳಬಹುದು.

ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಅರ್ತ್ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಬೇಕು. ಪ್ರೋಬ್ ಹೊರತೆಗೆದು ಅದರ ಮೇಲಿನ ಕರೆಯನ್ನು ನಯವಾದ ಎಮರಿ ಕಾಗದದಿಂದ ಒರೆಸಬೇಕು. ಕರೆ ದಪ್ಪಗಟ್ಟಿದರೆ ಬಜರ್ ಕಾರಣವಿಲ್ಲದೆ ಕೂಗುತ್ತದೆ, ಬೇಸತ್ತ ಚಾಲಕ ಅದರ ವೈರನ್ನೇ ಕಿತ್ತಿಡುತ್ತಾನೆ.